ಹತ್ತಡಿ ಕೋಣೆಯಲ್ಲಿ ದೇವನೂರು

ಅರಸೀಕೆರೆಯಿಂದ ಬೀರೂರಿಗೆ ರೈಲು ದಾರಿ ಸುಮಾರು 45 ಕಿಲೋಮೀಟರ್ ಇದ್ದು, ಬಾಣಾವರ, ದೇವನೂರು, ಕಡೂರು ನಿಲ್ದಾಣಗಳು ಆ ದಾರಿಯಲ್ಲಿ ಬರುತ್ತವೆ. ಮನೆಯೊಳಗೆ ಕಟ್ಟುವ ಮಾದರಿ ರೈಲುಗಳಲ್ಲಿ ಜಗತ್ತಿನಾದ್ಯಂತ ಹೆಚ್ಚು ಬಳಕೆಯಲ್ಲಿರುವುದು ಎಚ್‌ಒ ಎಂದು ಕರೆಯುವ, ನಿಜದ 87 ಮಿಲಿಮೀಟರನ್ನು ಒಂದು ಮಿಲಿಮೀಟರಿಗೆ ಇಳಿಸುವ ಪ್ರಮಾಣ. ಈ ಪ್ರಮಾಣಕ್ಕೆ ಇಳಿಸಿದ ಮೇಲೂ ಆ ದಾರಿ 517 ಮೀಟರ್ ಉಳಿಯುತ್ತದೆ. ಒಂದೇ ಊರಿನ ಎರಡು ಕೇರಿಗಳಂತೆ ಜನ ಭಾವಿಸುವ ಕಡೂರು ಮತ್ತು ಬೀರೂರುಗಳ ನಡುವಿನ ಸುಮಾರು 6 ಕಿಲೋಮೀಟರ್ ಕೂಡ 69 ಮೀಟರ್ ಆಗುತ್ತದೆ. ಆದ್ದರಿಂದ ಮಾದರಿ ರೈಲಿನ ಹಳಿ ನಕ್ಷೆಯನ್ನು ಭೂಪಟದ ಕುಗ್ಗಿಸಿದ ಪ್ರತಿ ಎಂದು ತಿಳಿದು ಕೆಲಸಕ್ಕೆ ಇಳಿದವರು ಮೊದಲ ಲೆಕ್ಕದಲ್ಲೇ ಕೈಚೆಲ್ಲಬೇಕಾಗುತ್ತದೆ. ಇದ್ದುದರಲ್ಲಿ ಏನನ್ನು ಕೈಬಿಟ್ಟರೂ ರೈಲು ಮಾರ್ಗವು ರೈಲು ಮಾರ್ಗವಾಗಿಯೇ ಉಳಿಯುತ್ತದೆ, ಏನನ್ನು ಬಿಟ್ಟರೆ ಅದು ಬರೀ ಆಟಿಕೆಯಾಗುತ್ತದೆ ಎಂಬುದನ್ನು ನಿರ್ಧರಿಸುವುದೇ ಹಳಿ ನಕ್ಷೆಯ ವಿದ್ಯೆ.

ಈ ನಿರ್ಧಾರಕ್ಕೆ ಮಾದರಿಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಸ್ಟೇಷನ್ ಮಾಸ್ಟರ ಕೋಣೆಯಲ್ಲಿರುವ ಪ್ಯಾನಲ್ಲಿನ ಮೇಲೆ ಆ ನಿಲ್ದಾಣದ ಹಳಿಗಳನ್ನು ಗೆರೆಗಳಾಗಿ ಬರೆದಿರುತ್ತಾರೆ. ಅಲ್ಲಿ ಮುಖ್ಯ ಹಳಿಯಿಂದ ಕವಲೊಡೆದು ಮತ್ತೆ ಅದನ್ನೇ ಸೇರುವ, ಅರ್ಧ ಕಿಲೋಮೀಟರಿಗೂ ಮೀರಿದ ಲೂಪ್ ಲೈನು ಗೇಣುದ್ದದ ಗೆರೆಯಾಗಿರುತ್ತದೆ, ತಿರುವುಗಳು ನೇರವಾಗಿರುತ್ತವೆ, ಆದರೆ ಯಾವ ಹಳಿಯಿಂದ ಯಾವ ಹಳಿಗೆ ದಾರಿಯಿದೆ, ಯಾವ ಸಿಗ್ನಲ್ಲಿನ ನಂತರ ರೈಲನ್ನು ಹಳಿಯಿಂದ ಹಳಿಗೆ ಹೊರಳಿಸುವ ಯಾವ ಪಾಯಿಂಟ್ ಬರುತ್ತದೆ ಎಂಬ ಕ್ರಮ ಮಾತ್ರ ಎಳ್ಳಷ್ಟೂ ತಪ್ಪಿರುವುದಿಲ್ಲ. ಉದ್ದ, ಅಗಲ, ಕೋನಗಳನ್ನು ಬಿಟ್ಟು ಸಂಬಂಧಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುವ ಗಣಿತದ ಶಾಖೆಗೆ ಟೋಪಾಲಜಿ ಎಂದು ಹೆಸರು. ಮಾದರಿಕಾರನು ದೂರವನ್ನು ಎಷ್ಟು ಬೇಕಾದರೂ ಕತ್ತರಿಸಬಹುದು, ಪ್ಯಾನಲ್ಲಿನ ಗೆರೆಗಳ ಸಂಬಂಧವನ್ನು ಕತ್ತರಿಸುವಂತಿಲ್ಲ.

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ರೈಲು ಜಾಲವು ಈ ದೃಷ್ಟಿಯಿಂದ ನೋಡುವವರಿಗೆ ಒಳ್ಳೆಯ ಪಾಠಶಾಲೆ. ಬೆಂಗಳೂರಿನಿಂದ ಹೊರಟು 1889ರಲ್ಲಿ ಹರಿಹರದವರೆಗೆ ಪೂರ್ಣಗೊಂಡ ಮೀಟರ್ ಗೇಜ್ ಮಾರ್ಗವು ದೇವನೂರು, ಕಡೂರು, ಬೀರೂರುಗಳನ್ನು ದಾಟಿ ಅಜ್ಜಂಪುರದ ಮೂಲಕ ಚಿಕ್ಕಜಾಜೂರಿನತ್ತ ಸಾಗಿತು. 1899ರಲ್ಲಿ ಬೀರೂರಿನಿಂದ ಕವಲೊಡೆದ ಇನ್ನೊಂದು ಮಾರ್ಗ ತರೀಕೆರೆ, ಭದ್ರಾವತಿಗಳ ಮೇಲೆ ಶಿವಮೊಗ್ಗ ಮುಟ್ಟಿತು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಒಂದು ಕಾಲದಲ್ಲಿ ಕೇವಲ ಎರಡಡಿ ಅಗಲದ ಹಳಿಯ ಮೇಲೆ ಲಘು ರೈಲು ಓಡುತ್ತಿತ್ತು. ಮುಖ್ಯ ಮಾರ್ಗವನ್ನು 1990ರ ದಶಕದಲ್ಲಿ ಬ್ರಾಡ್ ಗೇಜ್ ಮಾಡಲಾಯಿತು, 2013ರಲ್ಲಿ ಕಡೂರಿನಿಂದ ಚಿಕ್ಕಮಗಳೂರಿಗೆ ರೈಲು ಬಂದು ಕಡೂರೂ ಜಂಕ್ಷನ್ ಆಯಿತು. ಇಷ್ಟು ಸಂಪತ್ತನ್ನು ಕಂಡ ಹೊಸ ಮಾದರಿಕಾರನು ಸಹಜವಾಗಿ ಬೀರೂರು ಜಂಕ್ಷನ್ನನ್ನೇ ಕಟ್ಟಲು ಹೊರಡುತ್ತಾನೆ. ಆದರೆ ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆಯಲ್ಲಿ ಬೀರೂರನ್ನು ಕಟ್ಟಿದರೆ ಕೋಣೆಯೆಲ್ಲ ಬೀರೂರೇ ಆಗಿ, ರೈಲು ಹೋಗುವುದಕ್ಕೆ ಇನ್ನೊಂದು ಊರಿಗೆ ಜಾಗವೇ ಇರುವುದಿಲ್ಲ. ‘ಜೈಮಿನಿ ಭಾರತ’ದ ಕವಿ ಲಕ್ಷ್ಮೀಶನ ಊರೆಂದು ಹೆಸರಾದ ದೇವನೂರಿನಂಥ ದಾರಿಬದಿಯ ನಿಲ್ದಾಣವು ಮನೆಯ ಕೋಣೆಗೆ ಜಂಕ್ಷನ್ನಿಗಿಂತ ಹೆಚ್ಚು ಒಗ್ಗುತ್ತದೆ ಎಂಬುದನ್ನು ಮುಂದಿನ ಲೆಕ್ಕಗಳೇ ತೋರಿಸುತ್ತವೆ.

ಲೆಕ್ಕದ ಮೊದಲ ಅಂಕಿ ಹಳಿಯ ಅಗಲ. ಎಚ್‌ಒ ಮಾದರಿಗಳಿಗೆ ಅಂಗಡಿಯಲ್ಲಿ ಸಿಗುವ 16.5 ಮಿಲಿಮೀಟರ್ ಅಗಲದ ಹಳಿಯು ಯೂರೋಪ್ ಮತ್ತು ಅಮೆರಿಕದ 1435 ಮಿಲಿಮೀಟರ್ ಗೇಜಿಗೆ ಹೊಂದಿಸಿ ಮಾಡಿದ್ದು. ಭಾರತದ 1676 ಮಿಲಿಮೀಟರ್ ಬ್ರಾಡ್ ಗೇಜಿಗೆ ನ್ಯಾಯವಾಗಿ 19.3 ಮಿಲಿಮೀಟರ್ ಬೇಕು. ಹಳಿ, ಪಾಯಿಂಟು, ಚಕ್ರಗಳನ್ನೆಲ್ಲ ಕೈಯಿಂದಲೇ ಮಾಡಿಕೊಳ್ಳುವ ಛಲವಿಲ್ಲದವರು 16.5ಕ್ಕೆ ಒಪ್ಪಿಕೊಳ್ಳುವುದು ವಾಡಿಕೆ. ವಿಚಿತ್ರವೆಂದರೆ ಅಳಿದುಹೋದ ಮೀಟರ್ ಗೇಜಿನ ಮಾದರಿಯೇ ಸತ್ಯಕ್ಕೆ ಹೆಚ್ಚು ಹತ್ತಿರ: ಅದಕ್ಕೆ ಬೇಕಾದದ್ದು 11.5 ಮಿಲಿಮೀಟರ್, ಸಿಗುವುದು 12 ಮಿಲಿಮೀಟರ್. ಜಾಗ ತೀರ ಕಡಿಮೆ ಇದ್ದವರಿಗೆ 1:160ರ ಎನ್ ಪ್ರಮಾಣವಿದ್ದು, ಅದರಲ್ಲಿ ಎಲ್ಲ ಉದ್ದಗಳೂ ಎಚ್‌ಒದ ಅರ್ಧಕ್ಕಿಂತ ತುಸು ಹೆಚ್ಚಾಗುತ್ತವೆ. ಇಲ್ಲಿಯ ಲೆಕ್ಕಗಳೆಲ್ಲ ಎಚ್‌ಒ ಪ್ರಮಾಣದಲ್ಲಿ, ಗೇಜ್ ಪರಿವರ್ತನೆಯ ಹೊಸತರಲ್ಲಿ ಒಂದೇ ಹಳಿಯ ಮೇಲೆ ಡೀಸೆಲ್ ಎಂಜಿನುಗಳು ನೀಲಿ ಬೋಗಿಗಳನ್ನು ಎಳೆಯುತ್ತಿದ್ದ ಕಾಲವನ್ನು ಇಟ್ಟುಕೊಂಡು ಮಾಡಿದವು.

ಎರಡನೆಯ ಅಂಕಿಯು ತಿರುವಿನ ತ್ರಿಜ್ಯ, ಮತ್ತು ಕೋಣೆಯೊಳಗಿನ ನಿಜವಾದ ಯಜಮಾನನೂ ಅದೇ. ಭಾರತೀಯ ರೈಲ್ವೆಯು ತಿರುವನ್ನು ಡಿಗ್ರಿಗಳಲ್ಲಿ ಹೇಳುತ್ತದೆ. 1750ನ್ನು ಡಿಗ್ರಿಯಿಂದ ಭಾಗಿಸಿದರೆ ತ್ರಿಜ್ಯವು ಮೀಟರುಗಳಲ್ಲಿ ಸಿಗುತ್ತದೆ. ಬ್ರಾಡ್ ಗೇಜಿನಲ್ಲಿ ಮಿತಿಯೆನಿಸಿದ 10 ಡಿಗ್ರಿಯ ಅತಿ ಕಡಿದಾದ ತಿರುವಿನ ತ್ರಿಜ್ಯ 175 ಮೀಟರ್ ಆಗಿದ್ದು, 1:87ಕ್ಕೆ ಇಳಿಸಿದಾಗ ಅದು 2 ಮೀಟರ್ ಆಗುತ್ತದೆ. ಎಂದರೆ ಘಟ್ಟದ ದಾರಿಯಲ್ಲೂ ಅಪರೂಪವೆನಿಸುವ ಕಡಿದಾದ ತಿರುವನ್ನು ಒಂದು ಸುತ್ತು ಹಾಕಲು 4 ಮೀಟರ್ ಅಗಲದ ಕೋಣೆ ಬೇಕು. ಎರಡು ಡಿಗ್ರಿಯ ಸೌಮ್ಯ ತಿರುವಿಗೆ 20 ಮೀಟರ್ ಅಗಲದ ಸಭಾಂಗಣವೇ ಬೇಕು. ಮನೆಯ ಮಾದರಿಯ ಪ್ರತಿಯೊಂದು ತಿರುವೂ ಹೀಗೆ ನಿಜದಲ್ಲಿ ಯಾವ ಎಂಜಿನಿಯರೂ ಒಪ್ಪದಂಥ ತಿರುವು, ಇದಕ್ಕೆ ವಿನಾಯಿತಿಯಿಲ್ಲ.

ಹಾಗಾದರೆ ಎಷ್ಟು ಕಡಿದಾಗಬಹುದು? ಉತ್ತರವು ಬೋಗಿಯ ಉದ್ದದಲ್ಲಿದೆ. ಪೆರಂಬೂರಿನ ಐಸಿಎಫ್ ಕಾರ್ಖಾನೆಯ ಹಳೆಯ ಮಾದರಿಯ ಬೋಗಿಯ ಪೆಟ್ಟಿಗೆ 21.3 ಮೀಟರ್ ಉದ್ದವಿದ್ದು ಎಚ್‌ಒದಲ್ಲಿ 24.5 ಸೆಂಟಿಮೀಟರ್ ಆಗುತ್ತದೆ. ಹೊಸ ಮಾದರಿಯ ಎಲ್‌ಎಚ್‌ಬಿ ಬೋಗಿ 27 ಸೆಂಟಿಮೀಟರ್. ಈ ಪೆಟ್ಟಿಗೆಯು ತನ್ನ ತುದಿಗಳಿಂದ ಸ್ವಲ್ಪ ಒಳಗಿರುವ ಎರಡು ಗಾಲಿಜೋಡಣೆಗಳ ಮೇಲೆ ಕುಳಿತಿರುವುದರಿಂದ, ತಿರುವಿನಲ್ಲಿ ಅದರ ನಡುಭಾಗವು ಹಳಿಯ ಒಳಬದಿಗೂ ತುದಿಗಳು ಹೊರಬದಿಗೂ ಚಾಚಿಕೊಳ್ಳುತ್ತವೆ. ಗಾಲಿಜೋಡಣೆಗಳ ನಡುವಿನ ದೂರದ ವರ್ಗವನ್ನು ತ್ರಿಜ್ಯದ ಎಂಟು ಪಟ್ಟಿನಿಂದ ಭಾಗಿಸಿದರೆ ಒಳಚಾಚು ಸಿಗುತ್ತದೆ. ಐಸಿಎಫ್ ಬೋಗಿಯಲ್ಲಿ ಆ ದೂರ ಮಾದರಿಯ ಅಳತೆಯಲ್ಲಿ 17 ಸೆಂಟಿಮೀಟರ್. ಆದ್ದರಿಂದ 75 ಸೆಂಟಿಮೀಟರ್ ತ್ರಿಜ್ಯದ ತಿರುವಿನಲ್ಲಿ ಒಳಚಾಚು 4.8 ಮಿಲಿಮೀಟರ್, ಇದೇ ಬಗೆಯ ಲೆಕ್ಕದಿಂದ ಹೊರಚಾಚು 5.2 ಮಿಲಿಮೀಟರ್. ಬೋಗಿಯ ಅಗಲ 37 ಮಿಲಿಮೀಟರ್ ಇರುವುದರಿಂದ, ಅಕ್ಕಪಕ್ಕದ ಎರಡು ತಿರುವು ಹಳಿಗಳ ನಡುಗೆರೆಗಳು 47 ಮಿಲಿಮೀಟರಿಗಿಂತ ಹತ್ತಿರವಿದ್ದರೆ ಎದುರುಬದುರಾದ ರೈಲುಗಳು ಮೈ ಉಜ್ಜಿಕೊಳ್ಳುತ್ತವೆ. ತ್ರಿಜ್ಯವನ್ನು 45 ಸೆಂಟಿಮೀಟರಿಗೆ ಇಳಿಸಿದರೆ ಈ ಕನಿಷ್ಠ ಅಂತರ 54 ಮಿಲಿಮೀಟರಿಗೆ ಏರುತ್ತದೆ, ಜೊತೆಗೆ ಬೋಗಿಗಳ ತುದಿಗಳು ಒಂದಕ್ಕೊಂದು ಸೊಟ್ಟಗೆ ನಿಂತು ನೋಟವೂ ಕೆಡುತ್ತದೆ. ಅತಿ ಉದ್ದದ ಬೋಗಿಯ ಮೂರು ಪಟ್ಟಿಗಿಂತ ತ್ರಿಜ್ಯ ಕಡಿಮೆಯಾಗಬಾರದೆಂದು ಅನುಭವಿಗಳು ಹೇಳುವ ಸೂತ್ರದ ಹಿಂದೆ ಈ ಜ್ಯಾಮಿತಿಯೇ ಇದೆ.

ಇಲ್ಲಿ ಭೌತಶಾಸ್ತ್ರದ ಒಂದು ಸ್ವಾರಸ್ಯವನ್ನು ಗಮನಿಸದೆ ಮುಂದೆ ಹೋಗುವುದು ತರವಲ್ಲ. ನಿಜವಾದ ರೈಲು ತಿರುವಿನಲ್ಲಿ ಹೊರಗೆ ತಳ್ಳಲ್ಪಡುವುದರಿಂದ ಹೊರ ಹಳಿಯನ್ನು ಒಳ ಹಳಿಗಿಂತ ಎತ್ತರಿಸಿ ಹಾಕುತ್ತಾರೆ. ಇದಕ್ಕೆ ಕ್ಯಾಂಟ್ ಎಂದು ಹೆಸರು. ಗಂಟೆಗೆ 60 ಕಿಲೋಮೀಟರ್ ವೇಗದ ರೈಲು 87 ಪಟ್ಟು ಕುಗ್ಗಿದಾಗ ಅದರ ವೇಗ ಸೆಕೆಂಡಿಗೆ 19 ಸೆಂಟಿಮೀಟರ್ ಆಗುತ್ತದೆ. ತಿರುವಿನ ವೇಗೋತ್ಕರ್ಷವು ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದಷ್ಟು ಇರುವುದರಿಂದ, ವೇಗ ಮತ್ತು ತ್ರಿಜ್ಯ ಎರಡೂ 87ರಲ್ಲಿ ಒಂದು ಪಾಲಿಗೆ ಇಳಿದಾಗ ವೇಗೋತ್ಕರ್ಷವೂ 87ರಲ್ಲಿ ಒಂದು ಪಾಲಾಗುತ್ತದೆ, ಆದರೆ ಭೂಮಿಯ ಗುರುತ್ವ ಮಾತ್ರ ಕುಗ್ಗುವುದಿಲ್ಲ. 75 ಸೆಂಟಿಮೀಟರಿನ ಆ ಅತಿ ಕಡಿದಾದ ತಿರುವಿನಲ್ಲಿ ಸಹ ಮಾದರಿ ರೈಲನ್ನು ಹೊರಗೆ ಎಳೆಯುವ ಬಲವು ಅದರ ತೂಕದ ಶೇಕಡಾ ಅರ್ಧದಷ್ಟು ಮಾತ್ರ. ಆದ್ದರಿಂದ ಮಾದರಿಯಲ್ಲಿ ಕ್ಯಾಂಟ್ ನೋಟಕ್ಕಷ್ಟೇ ಬೇಕಾದದ್ದು. ಮಾದರಿ ರೈಲು ಹಳಿ ತಪ್ಪಿ ಬೀಳುವುದು ಬಹುಪಾಲು ತಿರುವಿನ ಒಳಬದಿಗೆ: ಉದ್ದನೆಯ ರೈಲನ್ನು ಎಂಜಿನ್ ಎಳೆಯುವಾಗ ಕೊಂಡಿಗಳಲ್ಲಿನ ಬಿಗಿತವು ತಿರುವನ್ನು ನೇರ ಮಾಡಲು ಹವಣಿಸಿ, ನಡುವಿನ ಹಗುರ ಬೋಗಿಗಳನ್ನು ಒಳಕ್ಕೆ ಜಗ್ಗುತ್ತದೆ. ನೇರ ಹಳಿಯಿಂದ ತಿರುವಿಗೆ ಒಮ್ಮೆಲೇ ಹೊರಳದೆ, ತ್ರಿಜ್ಯವನ್ನು ಕ್ರಮಕ್ರಮವಾಗಿ ಕಿರಿದಾಗಿಸುವ ಸಂಕ್ರಮಣ ತಿರುವನ್ನು ಹಾಕಿದರೆ ಈ ಜಗ್ಗಾಟ ಬಹಳ ಕಡಿಮೆಯಾಗುತ್ತದೆ. ನಿಜದ ರೈಲ್ವೆಯಲ್ಲಿ ಇದನ್ನು ಘನ ಪರವಲಯದ ಸಮೀಕರಣದಿಂದ ಗುರುತಿಸುತ್ತಾರೆ; ಮನೆಯಲ್ಲಿ ಒಂದು ತೆಳ್ಳನೆಯ ಮರದ ಪಟ್ಟಿಯನ್ನು ಎರಡು ಮೊಳೆಗಳ ನಡುವೆ ಬಾಗಿಸಿ ಪೆನ್ಸಿಲ್ ಎಳೆದರೆ ಸಿಗುವ ಗೆರೆ ಅದಕ್ಕೆ ಸಾಕಷ್ಟು ಹತ್ತಿರವಿರುತ್ತದೆ.

ಈಗ ಕೋಣೆಗೆ ಬರಬಹುದು. ಅಂಗಡಿಯಲ್ಲಿ ಪ್ಲೈವುಡ್ 8 ಅಡಿಗೆ 4 ಅಡಿ ಹಾಳೆಯಾಗಿ ಸಿಗುವುದರಿಂದ, ಆ ಹಾಳೆಯನ್ನೇ ಮೇಜು ಮಾಡಿ ಅದರ ಮೇಲೆ ಮೊಟ್ಟೆಯಾಕಾರದ ಹಳಿ ಹಾಸುವುದು ಬಹುತೇಕರ ಮೊದಲ ಯೋಚನೆ. ಇದಕ್ಕಿಂತ ದುಬಾರಿಯಾದ ಯೋಚನೆ ಇನ್ನೊಂದಿಲ್ಲ. ನಾಲ್ಕಡಿ ಅಗಲದಲ್ಲಿ 55 ಸೆಂಟಿಮೀಟರಿಗಿಂತ ಹೆಚ್ಚಿನ ತ್ರಿಜ್ಯ ಕೂಡುವುದಿಲ್ಲ. ಮನುಷ್ಯನ ಕೈ ಸಲೀಸಾಗಿ ಚಾಚುವುದು ಸುಮಾರು 75 ಸೆಂಟಿಮೀಟರ್ ಆದ್ದರಿಂದ ಮೇಜಿನ ಸುತ್ತ ಓಡಾಡಲು ಎರಡೆರಡು ಅಡಿ ದಾರಿ ಬಿಡಬೇಕು. ಅಲ್ಲಿಗೆ 10 ಅಡಿಗೆ 12 ಅಡಿಯ ಕೋಣೆ ಹೆಚ್ಚುಕಡಿಮೆ ಮುಗಿಯಿತು, ಸಿಕ್ಕ ಹಳಿ ಒಂದು ಸುತ್ತಿಗೆ 6 ಮೀಟರ್. ಅದೇ ಕೋಣೆಯಲ್ಲಿ ಗೋಡೆಯ ಗುಂಟ ಅಟ್ಟಣಿಗೆ ಹಾಕಿ, ಗೋಡೆಯಿಂದ 10 ಸೆಂಟಿಮೀಟರ್ ಬಿಟ್ಟು ಹಳಿ ಹಾಸಿ, ಮೂಲೆಗಳಲ್ಲಿ 75 ಸೆಂಟಿಮೀಟರ್ ತ್ರಿಜ್ಯ ಕೊಟ್ಟರೆ ಒಂದು ಸುತ್ತು 11.3 ಮೀಟರ್ ಆಗುತ್ತದೆ, ನಡುವೆ ಮನುಷ್ಯರು ನಿಲ್ಲಲು ಕೋಣೆ ಖಾಲಿಯೇ ಉಳಿಯುತ್ತದೆ. ಬಾಗಿಲಿಗೆ ಅಡ್ಡ ಬರುವ ಕಡೆ ಮಾತ್ರ ಎತ್ತಿ ಇಡಬಹುದಾದ ಒಂದು ಸಣ್ಣ ಸೇತುವೆ ಬೇಕಾಗುತ್ತದೆ, ಮನೆಯವರ ಸಹನೆಯೂ ಅಷ್ಟೇ ಬೇಕಾಗುತ್ತದೆ.

ಕೋಣೆಯನ್ನು ಅಡಿಗಳಲ್ಲಿ ನೋಡದೆ ತಿರುವುಗಳಲ್ಲಿ ನೋಡಬೇಕೆಂಬ ಈ ತಿಳಿವಳಿಕೆಯನ್ನು ಶಾಸ್ತ್ರವಾಗಿಸಿದವರು ಅಮೆರಿಕದ ಜಾನ್ ಆರ್ಮ್‌ಸ್ಟ್ರಾಂಗ್ (1920–2004). ಕನಿಷ್ಠ ತ್ರಿಜ್ಯಕ್ಕೆ ಎರಡು ಹಳಿಗಳ ನಡುವಿನ ಅಂತರದ ಎರಡು ಪಟ್ಟನ್ನು ಕೂಡಿಸಿದರೆ ಬರುವ ಉದ್ದವನ್ನು ಬದಿಯಾಗುಳ್ಳ ಚೌಕಗಳಿಂದ ಅವರು ಕೋಣೆಯನ್ನು ಅಳೆಯುತ್ತಿದ್ದರು. ಕಾಲು ಸುತ್ತಿನ ಒಂದು ತಿರುವಿಗೆ ಒಂದು ಚೌಕ, ಪೂರ್ತಿ ಹಿಂದಿರುಗುವ ತಿರುವಿಗೆ ಎರಡು ಚೌಕ ಬೇಕು. 75 ಸೆಂಟಿಮೀಟರ್ ತ್ರಿಜ್ಯ, 6 ಸೆಂಟಿಮೀಟರ್ ಅಂತರ ಇಟ್ಟುಕೊಂಡರೆ ಚೌಕದ ಬದಿ 87 ಸೆಂಟಿಮೀಟರ್. ಮೇಲಿನ ಕೋಣೆ ಮೂರೂವರೆಗೆ ನಾಲ್ಕು ಚಿಲ್ಲರೆ ಚೌಕಗಳಷ್ಟಾಗುತ್ತದೆ. ನಾಲ್ಕು ಮೂಲೆಗಳಿಗೆ ನಾಲ್ಕು ಚೌಕ ಹೋದ ಮೇಲೆ, ಕೋಣೆಯ ನಡುವಿಗೆ ಇನ್ನೊಂದು ಹಳಿಯ ಚಾಚನ್ನು ತಂದು ಹಿಂದಿರುಗಿಸುವುದು ಅಸಾಧ್ಯವೆಂದು ಒಂದು ಗೆರೆಯನ್ನೂ ಎಳೆಯದೆ ತಿಳಿಯುತ್ತದೆ.

ಸುರಂಗ, ಸೇತುವೆ, ಒಂದರ ಮೇಲೊಂದು ಹಾಯುವ ಹಳಿಗಳ ಆಸೆಯನ್ನೂ ಇದೇ ಲೆಕ್ಕ ತಣ್ಣಗಾಗಿಸುತ್ತದೆ. ಒಂದು ಹಳಿಯು ಇನ್ನೊಂದರ ಮೇಲೆ ಹಾಯಲು 7.5 ಸೆಂಟಿಮೀಟರ್ ಏರಬೇಕು. ಶೇಕಡಾ 2ರ ಏರಿನಲ್ಲಿ, ಅಂದರೆ 50ಕ್ಕೆ 1ರಂತೆ ಹತ್ತಿದರೆ ಅದಕ್ಕೆ 3.75 ಮೀಟರ್, ಇಳಿಯಲು ಮತ್ತೆ ಅಷ್ಟೇ, ಒಟ್ಟು 11.3 ಮೀಟರಿನಲ್ಲಿ 7.5 ಮೀಟರ್ ಏರಿಳಿತಕ್ಕೇ ಹೋಗುತ್ತದೆ. ಮಾದರಿ ಎಂಜಿನಿನ ಎಳೆಯುವ ಶಕ್ತಿಯನ್ನು ನಿರ್ಧರಿಸುವುದು ಅದರ ತೂಕ ಮತ್ತು ಚಕ್ರದ ಘರ್ಷಣೆ. ತೂಕವು ಉದ್ದದ ಘನಕ್ಕೆ ತಕ್ಕಂತೆ ಇಳಿಯುವುದರಿಂದ 112 ಟನ್ನಿಗೂ ಮಿಗಿಲಾದ ಡಬ್ಲ್ಯುಡಿಎಂ-2 ಡೀಸೆಲ್ ಎಂಜಿನ್ ಲೆಕ್ಕಕ್ಕೆ ಸರಿಯಾಗಿ ಕುಗ್ಗಿದರೆ ಕೇವಲ 171 ಗ್ರಾಂ ತೂಗಬೇಕು. ತಯಾರಕರು ಒಳಗೆ ಲೋಹದ ಅಚ್ಚು ತುಂಬಿ ಅದನ್ನು ಭಾರ ಮಾಡಿರುತ್ತಾರೆ, ಆದರೂ ಏರಿನಲ್ಲಿ ಅದು ಏದುಸಿರು ಬಿಡುತ್ತದೆ. ತಿರುವು ಕೂಡ ಏರಿನಂತೆಯೇ ತಡೆಯೊಡ್ಡುತ್ತದೆ: ಎಚ್‌ಒದಲ್ಲಿ 81 ಸೆಂಟಿಮೀಟರ್ ತ್ರಿಜ್ಯದ ತಿರುವು ಶೇಕಡಾ 1ರ ಏರಿಗೆ ಸಮವೆಂಬುದು ಮಾದರಿಕಾರರ ರೂಢಿಯ ಲೆಕ್ಕ. ಕಡೂರು ತಾಲ್ಲೂಕಿನ ಬಯಲುಸೀಮೆಗೆ ಸುರಂಗ ಒಪ್ಪುವುದೂ ಇಲ್ಲ. ಬಾಬಾಬುಡನ್‌ಗಿರಿ ಸಾಲನ್ನು ಹಿಂಗೋಡೆಯ ಮೇಲೆ ತೆಳುನೀಲಿಯಲ್ಲಿ ಬರೆದು, ಮೂಲೆಯ ಕಡಿದಾದ ತಿರುವುಗಳನ್ನು ತೆಂಗಿನ ತೋಟಗಳಿಂದ ಮರೆಮಾಡಿ, ಹಳಿಯನ್ನು ಮಟ್ಟಸವಾಗಿಯೇ ಇಡುವುದು ವಿವೇಕ. ಎರಡು ಮೂರು ಸಾಲು ತೆಂಗಿನ ಮರಗಳ ಹಿಂದೆ ಅರ್ಧ ಕಂಡೂ ಕಾಣದ ರೈಲು ತಿರುವಿನ ತಪ್ಪನ್ನು ತೋರಿಸುವುದಿಲ್ಲ.

ನಿಲ್ದಾಣವಿರುವ ಉದ್ದನೆಯ ಗೋಡೆಯಲ್ಲಿ ಎರಡು ಮೂಲೆಗಳನ್ನು ಕಳೆದರೆ ನೇರ ಹಳಿಗೆ 196 ಸೆಂಟಿಮೀಟರ್ ಉಳಿಯುತ್ತದೆ. ದೇವನೂರಿನ ಸಾರವೆಲ್ಲ ಇಷ್ಟರಲ್ಲೇ ಕೂಡಬೇಕು. ಆ ಸಾರ ಯಾವುದೆಂದರೆ ಕ್ರಾಸಿಂಗ್: ಒಂದೇ ಹಳಿಯ ಮಾರ್ಗದಲ್ಲಿ ಎದುರುಬದುರಾಗಿ ಬರುವ ರೈಲುಗಳಲ್ಲಿ ಒಂದನ್ನು ಲೂಪ್ ಲೈನಿಗೆ ಸರಿಸಿ ನಿಲ್ಲಿಸಿ ಇನ್ನೊಂದಕ್ಕೆ ಮುಖ್ಯ ಹಳಿಯಲ್ಲಿ ದಾರಿ ಬಿಡುವುದು. ಈ ಮಾರ್ಗದಲ್ಲಿ ಪ್ರಯಾಣಿಸಿದ ಹಿರಿಯರಿಗೆಲ್ಲ ‘ಕ್ರಾಸಿಂಗಿಗೆ ಹಾಕಿದ್ದಾರೆ’ ಎಂಬ ನಿಟ್ಟುಸಿರಿನ ಮಾತು ಚೆನ್ನಾಗಿ ಗೊತ್ತು. ಭಾರತೀಯ ರೈಲ್ವೆಯಲ್ಲಿ ಇಂಥ ಲೂಪಿನಲ್ಲಿ ರೈಲು ನಿಲ್ಲಲು ಇರಬೇಕಾದ ಉದ್ದ ಸಾಮಾನ್ಯವಾಗಿ 686 ಮೀಟರ್. ಎಚ್‌ಒದಲ್ಲಿ ಅದು 7.9 ಮೀಟರ್ ಆಗಿ ಕೋಣೆಯ ಗೋಡೆಯನ್ನು ಸೀಳಿಕೊಂಡು ಹೋಗುತ್ತದೆ. ಇರುವ 196 ಸೆಂಟಿಮೀಟರಿನಲ್ಲಿ ಎರಡು ತುದಿಯ ಪಾಯಿಂಟುಗಳಿಗೆ 25ರಂತೆ 50 ಸೆಂಟಿಮೀಟರ್, ನಿಂತ ರೈಲಿನ ತುದಿಗೆ ಹಾಯುವ ರೈಲು ತಾಗದಂತೆ ಬಿಡುವ ಎಡೆ ಎರಡೂ ಕಡೆ ಸೇರಿ 20 ಸೆಂಟಿಮೀಟರ್ ಕಳೆದರೆ 126 ಸೆಂಟಿಮೀಟರ್ ಸಿಗುತ್ತದೆ. ಒಂದು ಡೀಸೆಲ್ ಎಂಜಿನಿಗೆ 20, ಕೊಂಡಿಗಳೂ ಸೇರಿ ನಾಲ್ಕು ಬೋಗಿಗಳಿಗೆ 102, ಒಟ್ಟು 122 ಸೆಂಟಿಮೀಟರ್. ಕೋಣೆಯ ಅತಿ ಉದ್ದದ ರೈಲು ಯಾವುದೆಂಬ ಪ್ರಶ್ನೆಗೆ ಹೀಗೆ ಲೂಪೇ ಉತ್ತರ ಕೊಟ್ಟುಬಿಡುತ್ತದೆ: ಎಂಜಿನ್ ಮತ್ತು ನಾಲ್ಕು ಬೋಗಿ. ಐದನೆಯ ಬೋಗಿಯನ್ನು ಸೇರಿಸಿದ ದಿನ ಕ್ರಾಸಿಂಗ್ ನಡೆಯುವುದಿಲ್ಲ, ಕ್ರಾಸಿಂಗ್ ಇಲ್ಲದ ದೇವನೂರು ದೇವನೂರಲ್ಲ. ಪ್ಲಾಟ್‌ಫಾರಂ, ಸ್ಟೇಷನ್ ಕಟ್ಟಡ, ಹೊರಗಿನ ಬೇವಿನ ಮರ ಎಲ್ಲವನ್ನೂ ಈ ನಾಲ್ಕು ಬೋಗಿಗಳ ಹದಕ್ಕೆ ಕುಗ್ಗಿಸಿದರೆ ಕಣ್ಣಿಗೆ ಕೊರತೆ ಕಾಣುವುದಿಲ್ಲ.

ಎದುರು ಗೋಡೆಯಲ್ಲಿ, ತಗ್ಗಾದ ತೆರೆಯೊಂದರ ಹಿಂದೆ, ಮೂರು ನಾಲ್ಕು ಮರೆಹಳಿಗಳು ಇರಬೇಕು. ಅವುಗಳ ಪಾಯಿಂಟುಗಳನ್ನು ಅಕ್ಕಪಕ್ಕದ ಗಿಡ್ಡ ಗೋಡೆಗಳಿಗೆ ಸರಿಸಿದರೆ ನಿಲ್ಲುವ ಉದ್ದ ಉಳಿಯುತ್ತದೆ. ಈ ಮರೆಹಳಿಗಳೇ ಅರಸೀಕೆರೆ, ಇವೇ ಬೀರೂರು. ಎಡಕ್ಕೆ ಹೊರಟ ರೈಲು ಅರಸೀಕೆರೆಗೆ ಹೋಯಿತೆಂದೂ ಬಲದಿಂದ ಬಂದದ್ದು ಬೀರೂರಿನಿಂದ ಬಂತೆಂದೂ ನೋಡುವವರು ಒಪ್ಪುತ್ತಾರೆ. ಇದರಲ್ಲಿ ಒಂದು ತೊಡಕು ಮಾತ್ರ ಇದೆ: ಬೀರೂರಿನತ್ತ ಹೋದ ತುಂಬಿದ ತೆರೆದ ವ್ಯಾಗನುಗಳು ಸ್ವಲ್ಪ ಹೊತ್ತಿನಲ್ಲಿ ಅರಸೀಕೆರೆಯ ಕಡೆಯಿಂದ ತುಂಬಿದಂತೆಯೇ ಮರಳಿ ಬರುತ್ತವೆ. ಮುಚ್ಚಿದ ವ್ಯಾಗನುಗಳನ್ನೇ ಇಟ್ಟುಕೊಂಡರೆ ಒಳಗೇನಿದೆ ಎಂದು ಯಾರಿಗೂ ತಿಳಿಯದು. 19 ಸೆಂಟಿಮೀಟರ್ ವೇಗದಲ್ಲಿ ಒಂದು ಪೂರ್ತಿ ಸುತ್ತಿಗೆ ಒಂದು ನಿಮಿಷ ಹಿಡಿಯುತ್ತದೆ. ನಿಜದಲ್ಲಿ ಅದೇ ವೇಗದ ರೈಲಿಗೆ ಅರಸೀಕೆರೆಯಿಂದ ಬೀರೂರಿಗೆ ಮುಕ್ಕಾಲು ಗಂಟೆ ಬೇಕು. ಕುಗ್ಗಿದ ದೂರಕ್ಕೆ ಸರಿದೂಗಲು ವೇಳಾಪಟ್ಟಿಯನ್ನು ಆರೇಳು ಪಟ್ಟು ಬೇಗ ಓಡುವ ಗಡಿಯಾರಕ್ಕೆ ಹೊಂದಿಸುವ ಪದ್ಧತಿ ಮಾದರಿಕಾರರಲ್ಲಿ ಇದ್ದು, ರೈಲುಗಳು ಮರೆಹಳಿಯಲ್ಲಿ ತಂಗುವ ಹೊತ್ತು ಉಳಿದ ದೂರವನ್ನು ತುಂಬಿಕೊಡುತ್ತದೆ.

ಬೀರೂರನ್ನು ಬಿಟ್ಟುದರಿಂದ ಆದ ಇನ್ನೊಂದು ಲಾಭ ವಿದ್ಯುತ್ತಿನದು. ಮಾದರಿ ರೈಲಿನ ಎರಡು ಹಳಿಗಳೇ ವಿದ್ಯುತ್ತಿನ ಎರಡು ತಂತಿಗಳು. ಒಂದು ಧನ, ಇನ್ನೊಂದು ಋಣ. ಮುಖ್ಯ ಮಾರ್ಗದಿಂದ ಕವಲೊಡೆದ ಹಳಿಯು ರೈಲನ್ನು ಹಿಂದುಮುಂದಾಗಿಸಿ ಅದೇ ಮಾರ್ಗಕ್ಕೆ ಮರಳಿ ಸೇರಿದರೆ, ಅಥವಾ ಎಂಜಿನ್ ತಿರುಗಿಸುವ ತ್ರಿಕೋನವೊಂದನ್ನು ಹಾಸಿದರೆ, ಎಡ ಹಳಿ ಹೋಗಿ ಬಲ ಹಳಿಯನ್ನೇ ಮುಟ್ಟಿ ಷಾರ್ಟ್ ಸರ್ಕ್ಯೂಟ್ ಆಗುತ್ತದೆ. ಆ ತುಂಡನ್ನು ಎರಡೂ ತುದಿಗಳಲ್ಲಿ ಕತ್ತರಿಸಿ ಬೇರ್ಪಡಿಸಿ, ರೈಲು ಅದರೊಳಗಿರುವಾಗ ಧ್ರುವಗಳನ್ನು ಅದಲುಬದಲು ಮಾಡುವ ಏರ್ಪಾಡು ಬೇಕಾಗುತ್ತದೆ. ಗೋಡೆಯ ಗುಂಟ ಸುತ್ತುವ ಸರಳ ನಕ್ಷೆಯಲ್ಲಿ ಒಳ ಹಳಿ ಎಂದೆಂದಿಗೂ ಒಳ ಹಳಿಯೇ.

ಕ್ರಾಸಿಂಗ್ ಒಂದರಿಂದಲೇ ಸಂಜೆಯೆಲ್ಲ ಸಾಗದು ಎನ್ನುವವರು ಸೀಮೆಯ ಕೊಬ್ಬರಿ, ರಾಗಿ ಸಾಗಿಸುವ ನೆಪದಲ್ಲಿ ಒಂದು ಗೂಡ್ಸ್ ಸೈಡಿಂಗನ್ನು ನಕ್ಷೆಗೆ ಸೇರಿಸಬಹುದು, ಆದರೆ ಅದರ ಪಾಯಿಂಟು ಯಾವ ಕಡೆಗೆ ಮುಖ ಮಾಡಿರಬೇಕೆಂಬುದನ್ನು ಯೋಚಿಸಿಯೇ ಸೇರಿಸಬೇಕು. ಬೀರೂರಿನ ದಿಕ್ಕಿಗೆ ಕವಲೊಡೆಯುವ ಸೈಡಿಂಗಿಗೆ, ಬೀರೂರಿನಿಂದ ಬಂದ ಗೂಡ್ಸು ಮುಂದೆ ಹೋಗಿ ಹಿಮ್ಮೆಟ್ಟುವ ಮೂಲಕ ವ್ಯಾಗನುಗಳನ್ನು ಸಲೀಸಾಗಿ ತಳ್ಳುತ್ತದೆ. ಅರಸೀಕೆರೆಯಿಂದ ಬಂದ ಗೂಡ್ಸಿನ ಎಂಜಿನ್ ಮಾತ್ರ ವ್ಯಾಗನುಗಳಿಗೆ ಮುಂದಾಗಿರುವುದರಿಂದ ನೇರವಾಗಿ ಒಳನುಗ್ಗಿದರೆ ತಾನೇ ಒಳಗೆ ಸಿಕ್ಕಿಕೊಳ್ಳುತ್ತದೆ. ಅದು ವ್ಯಾಗನುಗಳನ್ನು ಮುಖ್ಯ ಹಳಿಯಲ್ಲಿ ಬಿಚ್ಚಿ, ಲೂಪಿನ ಮೂಲಕ ಸುತ್ತಿ ಹಿಂಬದಿಗೆ ಬಂದು, ಅಲ್ಲಿಂದ ತಳ್ಳಬೇಕು. ಹಾಗೆ ಸುತ್ತುವಷ್ಟು ಹೊತ್ತು ಲೂಪ್ ಖಾಲಿಯಿರಬೇಕು, ಎದುರಿನಿಂದ ಪ್ಯಾಸೆಂಜರ್ ಬರುವ ವೇಳೆಯೂ ಆಗಿರಬಾರದು. ಶಂಟಿಂಗ್ ಮಾಡುವ ಎಂಜಿನ್ ಮುಖ್ಯ ಹಳಿಯನ್ನು ಹಿಡಿದು ಕೂರದಂತೆ ಲೂಪಿನ ಕೊನೆಯಲ್ಲಿ ಒಂದು ತುಂಡು ಹಳಿಯನ್ನು ಮುಂದುವರಿಸುವುದಾದರೆ, ಎಂಜಿನ್ನಿಗೆ 20, ಎರಡು ದೊಡ್ಡ ವ್ಯಾಗನುಗಳಿಗೆ 18ರಂತೆ 36, ಒಟ್ಟು 56 ಸೆಂಟಿಮೀಟರಾದರೂ ಬೇಕು. ನೇರ ಗೋಡೆಯಲ್ಲಿ ಅಷ್ಟು ಜಾಗ ಉಳಿದಿಲ್ಲವಾದ್ದರಿಂದ ಅದು ಮೂಲೆಯ ತಿರುವಿನಲ್ಲಿ, ಮುಖ್ಯ ಹಳಿಯ ಒಳಬದಿಗೆ, 55 ಮಿಲಿಮೀಟರ್ ಅಂತರ ಬಿಟ್ಟು ಬಾಗಿಕೊಂಡು ಹೋಗಬೇಕಾಗುತ್ತದೆ; ಹಾಗೆ ಬಾಗಿದಾಗ ಅದರ ತ್ರಿಜ್ಯ 69.5 ಸೆಂಟಿಮೀಟರಿಗೆ ಇಳಿಯುತ್ತದೆ, ಬೋಗಿಗಳಿಗಿಂತ ಗಿಡ್ಡವಾದ ವ್ಯಾಗನುಗಳಿಗೆ ಅದು ಧಾರಾಳ.